ಖಾಜಾಬಿ ನನ್ನೊಡನೆ ಕನ್ನಡದಲ್ಲಿ ಮಾತಾಡಿದ ದಿನ

ಕಲಬುರಗಿ
೩೦ ಫೆಬ್ರವರಿ ೨೧೫೧

ಪ್ರೀತಿಯ ತಸ್ಲೀಮ್ ನಾನಿಗೆ, ಸಲಾಂ.

ತಾರೀಖು ತಪ್ಪಿಲ್ಲ, ಈಗ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ನನ್ನ ಮುತ್ತಜ್ಜಿಯ ತಾಯಿ. ಆದರೆ ಹಿಂದಿನ ಕಾಲಕ್ಕೆ ಕಳಿಸುವ ಈ ಕಾಗದ ತಲುಪುವಾಗ ನಿಮಗಿನ್ನೂ ಇಪ್ಪತ್ತನಾಲ್ಕು, ನನಗಿಂತ ಮೂರು ವರ್ಷ ಚಿಕ್ಕವರು. ನೀವೂ ಆಪ್ತಸಮಾಲೋಚನೆ ಕಲಿಯುತ್ತಿದ್ದಿರಂತೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ನಮ್ಮಲ್ಲಿ ಈ ಕೆಲಸದವರನ್ನು ‘ಆಲಿಸಾಳು’ ಎನ್ನುತ್ತಾರೆ, ಆಲಿಸುವುದೇ ದುಡಿಮೆ. ನಾನು ಬೆಳೆದದ್ದು ‘ಆಳಗೊಳ’ ತೊಳೆಯುವವರ ಓಣಿಯಲ್ಲಿ. ಆಳಗೊಳವೆಂದರೆ ನೆಲದಡಿಯ ತೊಟ್ಟಿ; ಬಿಸಿಲಿಗೆ ಕೆರೆಗಳು ಬತ್ತುವುದರಿಂದ ಊರಿನ ನೀರೆಲ್ಲ ಅಲ್ಲೇ. ಬೆಳಗ್ಗೆ ಒಂಬತ್ತಕ್ಕೆ ಬಿಸಿಲಿನ ಎಚ್ಚರಿಕೆಯ ಭೋಂಗಾ ಕೂಗಿದರೆ ರಸ್ತೆ ಖಾಲಿ. ಎಲ್ಲರೂ ನೆರಳು ಸೇರುತ್ತಾರೆ, ತೊಟ್ಟಿಯವರು ಕೆಳಗಿಳಿಯುತ್ತಾರೆ. ಅಮ್ಮಿಯೂ ಇಳಿಯುತ್ತಿದ್ದರು. ಅವರಿಗೆ ಕನ್ನಡ ಕಡಿಮೆ. ಆಸ್ಪತ್ರೆಯಲ್ಲಿ ಅವರ ನೋವನ್ನು ನಮ್ಮ ಮನೆಮಾತು ದಖನಿಯಿಂದ ಕನ್ನಡಕ್ಕೆ ತಂದು ಹೇಳುತ್ತಿದ್ದವಳು ಎಂಟು ವರ್ಷದ ನಾನು. ಹೇಳುವಾಗ ಎಷ್ಟು ಸೋರಿಹೋಗುತ್ತದೆಂದು ಆಗಲೇ ತಿಳಿಯಿತು.

ಹೋದ ತಿಂಗಳು ಖಾಜಾಬಿ ಎಂಬ ತೊಟ್ಟಿಯ ಕೆಲಸದವರು ನನ್ನ ಬಳಿ ಬಂದರು. ಕನ್ನಡದಲ್ಲಿ ಕೇಳಿದರೆ, “ಎಲ್ಲಾ ಆರಾಮ ಐತ್ರಿ.” ನಾನು ದಖನಿಗೆ ತಿರುಗಿದೆ. “ನಕ್ಕೋ, ಬೇಟಿ” ಎಂದರು. ಬೇಡ, ಮಗಳೇ. ಬೇಡವೆನ್ನುತ್ತಲೇ ದಖನಿಯಲ್ಲಿ ಎಲ್ಲ ಹೇಳಿಕೊಂಡರು. ಜೊತೆಯವಳು ಒಬ್ಬಳೇ ಇಳಿದು ತೊಟ್ಟಿಯೊಳಗಿನ ವಿಷಗಾಳಿಗೆ ಸತ್ತಿದ್ದಳು. ಮರುದಿನ ಅದೇ ಏಣಿಯಲ್ಲಿ ಇವರನ್ನು ಇಳಿಸಿದ್ದರು.

ನನಗೆ ಕಲಿಸುವ ಚಂಪಾವತಿ ಮೇಡಂ ಹೇಳಿದರು: “ಉಸಿರಾಡೋ ಅಭ್ಯಾಸ ಹೇಳಿಕೊಡವ್ವಾ. ತೊಟ್ಟಿ ನಮ್ಮ ಕೆಲಸಲ್ಲ.”

ಗಾಳಿಯೇ ಇಲ್ಲದ ಕಡೆ ಇಳಿಯುವವರಿಗೆ ಉಸಿರಾಟ ಕಲಿಸುವುದೇ? ನನಗೆ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ನೀರಿನ ಕಚೇರಿಗೆ ಬರೆದೆ. ಖಾಜಾಬಿಯ ಹೆಸರು ಬರೆಯಲಿಲ್ಲ. ವಾರದಲ್ಲಿ ಆದೇಶ ಬಂತು: ಗಾಳಿ ಪರೀಕ್ಷಿಸದೆ, ಜೊತೆಯಿಲ್ಲದೆ ಯಾರೂ ಇಳಿಯಕೂಡದು. ನಾನು ಖುಷಿಯಿಂದ ಅತ್ತೆ. ಆದರೆ ಹೆಸರಿಲ್ಲದಿದ್ದರೇನು, ಮಾತು ಯಾರದೆಂದು ಓಣಿಗೆಲ್ಲ ಗೊತ್ತಾಯಿತು. ಮೇಸ್ತ್ರಿ ಖಾಜಾಬಿಯನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟ.

ಕ್ಷಮೆ ಕೇಳಲು ಅವರ ಮನೆಗೆ ಹೋದೆ. ದಖನಿಯಲ್ಲೇ ಮಾತು ತೆಗೆದೆ. ಅವರು ಕನ್ನಡದಲ್ಲಿ ಹೇಳಿದರು: “ನಾ ನಿಮ್ಮ ಮುಂದ ಹೇಳಿದ್ದೆರೀ. ಓಣಿ ಮುಂದ ಅಲ್ಲ.” ಆಮೇಲೆ, “ಕೂಡ್ರಿ, ಚಾ ಕುಡೀರಿ. ಏನೂ ಕೇಳಬ್ಯಾಡ್ರಿ.”

ಕುಡಿದು ಬಂದೆ. ಈಗ ತೊಟ್ಟಿಗೆ ಇಬ್ಬಿಬ್ಬರು ಇಳಿಯುತ್ತಾರೆ, ಇಬ್ಬರೂ ಮೇಲೆ ಬರುತ್ತಾರೆ. ಮೇಡಂ ಸರಿಯೋ, ನಾನು ಸರಿಯೋ, ಇಬ್ಬರೂ ತಪ್ಪೋ, ತಿಳಿಯುತ್ತಿಲ್ಲ. ಸುಮ್ಮನಿದ್ದರೆ ಇನ್ನೊಬ್ಬಳು ಸಾಯುತ್ತಿದ್ದಳೇನೋ. ಹಾಗೆಂದು ಹೇಳಿಕೊಂಡರೂ ಮನಸ್ಸು ಒಪ್ಪುತ್ತಿಲ್ಲ.

ನಿಮಗೆ ತಿಳಿದರೆ ಎಲ್ಲಾದರೂ ಬರೆದಿಡಿ ನಾನಿ, ಹುಡುಕಿಕೊಳ್ಳುತ್ತೇನೆ. ನಾಳೆ ನಿಮ್ಮೆದುರು ಯಾರಾದರೂ ಹೀಗೆ ಬಾಯಿಬಿಟ್ಟರೆ, ಹೋರಾಡಿ, ಖಂಡಿತ ಹೋರಾಡಿ. ಆದರೆ ಮೊದಲು ಅವರನ್ನೊಂದು ಮಾತು ಕೇಳಿ.

ನಾನು ಕೇಳಲಿಲ್ಲ.

ನಿಮ್ಮ,
ಸಬೀಹಾ