ಐದು ನಿಮಿಷದಲ್ಲಿ ಮಾಯವಾಗುವ ಮನೆ

ಮಾರ್ಚ್ 4

ಮತ್ತೆ ಮನೆ ಬದಲು. ನಾವೇ ಕಟ್ಟುತ್ತಿರುವ ಈ ಕಟ್ಟಡದ ಮೂರನೇ ಮಹಡಿಯಿಂದ ನಾಲ್ಕಕ್ಕೆ. ಟೈಲ್ಸು ಬಿದ್ದ ಕೋಣೆಯಲ್ಲಿ ಕೆಲಸದವರು ಇರುವಂತಿಲ್ಲ. ಟೈಲ್ಸು ಹಾಕುವವರು ನಮ್ಮ ಮನೆಯವರೇ. ಅವರ ಕೈ ಚುರುಕಾದಷ್ಟೂ ನಮ್ಮ ಗಂಟುಮೂಟೆ ಬೇಗ ಮೇಲೇರುತ್ತದೆ. ಇಂಥ ಗಂಡ ಯಾರಿಗುಂಟು!

ನನಗೆ ಗೋಡೆಗೆ ಪುಟ್ಟಿ ಬಳಿಯುವ ಕೆಲಸ. ಅತ್ತೆಗೆ ಮಂಡಿನೋವು, ಮಗಳನ್ನು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವುದೆಂದರೆ... ಹಳೆಯ ದುಪ್ಪಟಿಯನ್ನು ಹುರಿಮಾಡಿ ಒಂದು ತುದಿ ಅವಳ ಸೊಂಟಕ್ಕೆ, ಇನ್ನೊಂದು ಕಂಬಕ್ಕೆ. ನಿಂತಲ್ಲಿ ನಿಲ್ಲುವ ಹುಡುಗಿಯಲ್ಲ, ಅದಕ್ಕೇ ಅವಳು ಬುಗುರಿ. ಲಿಫ್ಟಿಗೆಂದು ಬಿಟ್ಟ ಆಳದ ಗುಂಡಿಗೆ ಇನ್ನೂ ಬಾಗಿಲಿಲ್ಲ. ಕಟ್ಟದೆ ವಿಧಿಯಿಲ್ಲ. ಕಟ್ಟುವಾಗ ಅವಳ ಮುಖ ನೋಡುವುದಿಲ್ಲ ನಾನು.

ಮಾರ್ಚ್ 6

ಅರ್ಧ ದಿನ ರಜೆ ಹಾಕಿ ವಾರ್ಡ್ ಆಫೀಸಿಗೆ ಹೋಗಿದ್ದೆ. ಎದುರು ರಸ್ತೆಯ ಶಿಶುಕೇಂದ್ರದ ವಿಷಯಕ್ಕೆ. ನಮ್ಮ ಕಿಟಕಿಯಿಂದಲೇ ಕಾಣುತ್ತದೆ. ಬೆಳಗ್ಗೆಯಿಂದ ಸಂಜೆವರೆಗೆ ಮಕ್ಕಳನ್ನು ಇಟ್ಟುಕೊಳ್ಳುತ್ತಾರೆ, ಊಟ ಹಾಕುತ್ತಾರೆ, ಮಧ್ಯಾಹ್ನ ಸಾಲಾಗಿ ಮಲಗಿಸುತ್ತಾರೆ. ಎಲ್ಲ ಪುಕ್ಕಟೆ. ಇಲ್ಲಿ ವಾಸವಿದ್ದೇವೆ ಎಂದು ಆ ಆಫೀಸು ಕೊಡುವ ಕಾರ್ಡು ಇದ್ದರಾಯಿತು. ನಮ್ಮಂಥ ಅಲೆಮಾರಿಗಳಿಗೆ ಎಲ್ಲಿ ಕೊಡುತ್ತಾರೆ ಎಂದು ಮುಖ ಸೊಟ್ಟಗೆ ಮಾಡಿಕೊಂಡೇ ಹೋದೆ.

ಕೌಂಟರಿನ ಮೇಡಂ ತಲೆಯೆತ್ತಿ, "ಬೇರೆ ಊರಿಂದ ಬಂದವರಿಗೂ ಕೊಡ್ತೀವಮ್ಮ. ಇಲ್ಲೇ ಇದೀರಾ ಅಂತ ನಾನೇ ಬಂದು ನೋಡ್ತೀನಿ. ಅಷ್ಟೇ" ಅಂದರು.

ಅಷ್ಟೇ! ಬಾಗಿಲ ತನಕ ಬಂದವಳು ಮತ್ತೆ ತಿರುಗಿ ಹೋಗಿ ಕೇಳಿದೆ, ನಿಜವಾ ಅಂತ.

ಅತ್ತೆಗೆ ಹೇಳಿದೆ, ಆಫೀಸಿನವರು ಮನೆ ನೋಡಲು ಬರುತ್ತಾರೆ, ಜೋಪಾನ.

"ಬರ್ಲಿ ಬಿಡೇ. ನಾನಿದೀನಲ್ಲ."

ಮಾರ್ಚ್ 13

ಸಿಟ್ಟಿಗೆ ಪೆನ್ನು ಒತ್ತಿ ಹಾಳೆಯೇ ಹರಿಯಿತು.

ಮೇಡಂ ಬಂದರು. ಜೀಪಿನಲ್ಲಿ. ವಾಚ್‌ಮನ್ ಎರಡು ಸಲ ಸೀಟಿ ಊದಿದ. ಗುರುತಿಲ್ಲದ ಗಾಡಿ ಬಂದರೆ ಅದು ಅವನ ರೂಢಿ. ಸೀಟಿ ಬಿತ್ತೆಂದರೆ ಎಲ್ಲ ಮಹಡಿಗಳಲ್ಲೂ ಮನೆಗಳು ಮಾಯವಾಗಬೇಕು. ಹಿಂದಿನ ಸೈಟಿನಲ್ಲಿ ತಪಾಸಣೆಯವರು ನಮ್ಮ ಪಾತ್ರೆಪಗಡವನ್ನೆಲ್ಲ ರಸ್ತೆಗೆ ಎಸೆದ ಮೇಲೆ ಕಲಿತ ವಿದ್ಯೆ ಇದು. ಅದರಲ್ಲಿ ಅತ್ತೆ ಎತ್ತಿದ ಕೈ. ಮಂಡಿನೋವು ಆಗ ಎಲ್ಲಿ ಹೋಗುತ್ತದೋ! ಒಲೆ ಸಿಮೆಂಟ್ ಚೀಲಗಳ ಹಿಂದೆ, ಹಾಸಿಗೆ ಖಾಲಿ ಡ್ರಮ್ಮಿನೊಳಗೆ, ಬಟ್ಟೆಬರೆ ಮರಳಿನ ಜರಡಿಯ ಕೆಳಗೆ. ನೆಲ ಗುಡಿಸಿ, ಬುಗುರಿಯನ್ನು ಎತ್ತಿಕೊಂಡು, ಹಿಂದಿನ ಮೆಟ್ಟಿಲಿಳಿದು ಇಟ್ಟಿಗೆ ರಾಶಿಯ ಮರೆಗೆ. ಐದೇ ನಿಮಿಷ.

ನಾನು ಕಟ್ಟಡದ ಹೊರಗೋಡೆಯ ಅಟ್ಟಣಿಗೆಯ ಮೇಲಿದ್ದೆ. ಇಳಿದು ಓಡಿಬರುವಷ್ಟರಲ್ಲಿ ಜೀಪು ಹೋಗಿತ್ತು. ಖಾಲಿ ಕೋಣೆ ನೋಡಿ "ಯಾರೂ ವಾಸವಿಲ್ಲ" ಎಂದು ಬರೆದುಕೊಂಡರಂತೆ. ವಾಚ್‌ಮನ್ ಹೇಳಿದ.

ಅತ್ತೆ ಏದುಸಿರು ಬಿಡುತ್ತಾ ಬಂದರು. ಮುಖದಲ್ಲಿ ಗೆದ್ದ ಕಳೆ. "ಒಂದು ಚಮಚಾನೂ ಬಿಡ್ಲಿಲ್ಲ ನೋಡು. ನೀನು ಮೊದ್ಲೇ ಹೇಳಿದ್ದು ಎಷ್ಟು ಒಳ್ಳೇದಾಯ್ತು!"

ಮಾರ್ಚ್ 14

ಅತ್ತೆಯ ಜೊತೆ ಮಾತಿಲ್ಲ. ಅವರೂ ಆಡಿಲ್ಲ. ಇವರು, ಅಮ್ಮ ಹೆಂಡತಿಯ ನಡುವೆ, ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ.

ಮಾರ್ಚ್ 21, ಸಂಜೆ

ಬುಗುರಿ ಗಂಟು ಜಾರಿಸಿಕೊಂಡು ಹೋಗಿದ್ದಾಳೆ. ಅತ್ತೆಗೆ ಜೊಂಪು ಹತ್ತಿತ್ತು. ಲಿಫ್ಟಿನ ಗುಂಡಿಯ ಅಂಚಿನಲ್ಲಿ ಪ್ಲಂಬರಣ್ಣ ಫ್ರಾಕು ಹಿಡಿದು ಎಳೆದನಂತೆ. ಒಳಗೆ ಕಲ್ಲು ಹಾಕಿ, ಸದ್ದು ಕೇಳಿ ನಗುತ್ತಿದ್ದಳಂತೆ.

ಬರೆಯಲಾಗುತ್ತಿಲ್ಲ. ಹೆದರಿಕೆ. ಈಗಲೂ ಹೆದರಿಕೆ.

ಅತ್ತೆ ಅವಳನ್ನು ಮಡಿಲಿನಿಂದ ಇಳಿಸಿಯೇ ಇಲ್ಲ. ನನ್ನ ಕಡೆ ನೋಡದೆ ಹೇಳಿದರು. "ನಾಳೆ ನನ್ನನ್ನ ಆ ಆಫೀಸಿಗೆ ಕರ್ಕೊಂಡು ಹೋಗು."

ಮಾರ್ಚ್ 22

ಹೋದೆವು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡಿದ್ದೆ. ಅವಕಾಶವೇ ಸಿಗಲಿಲ್ಲ. ಅತ್ತೆ ನೆಟ್ಟಗೆ ಕೌಂಟರಿಗೆ ಹೋಗಿ, "ತಾಯಿ, ಮನೆ ಇತ್ತು. ನಾನೇ ಬಚ್ಚಿಟ್ಟೆ" ಅಂದರು.

"ಮನೇನ ಬಚ್ಚಿಟ್ರಾ?"

"ಜೀಪು ಬಂದ್ರೆ ಇನ್ನೇನು ಮಾಡ್ಲಿ? ಜೀಪಲ್ಲಿ ಬಂದೋರು ಇದುವರೆಗೂ ಏನಾದ್ರೂ ಕಿತ್ಕೊಂಡೇ ಹೋಗಿದಾರೆ. ಕೊಡೋಕೆ ಬಂದೋರನ್ನ ನಾನು ನೋಡಿಲ್ಲ."

ಮೇಡಂ ನಗಲಿಲ್ಲ. ನಗುತ್ತಾರೆ ಅಂದುಕೊಂಡಿದ್ದೆ. ಹಳೆಯ ಫೈಲು ತೆಗೆದು, "ಇನ್ನೊಂದೇ ಸಲ ಬರೋಕಾಗೋದು, ಅಜ್ಜಿ. ಆಗ್ಲೂ ಸಿಗ್ಲಿಲ್ಲ ಅಂದ್ರೆ ಮುಂದಿನ ವರ್ಷವೇ. ನಾನು ಬಂದಾಗ ಮನೆ ಇರುತ್ತಾ?" ಅಂತ ಕೇಳಿದರು.

"ಇರುತ್ತೆ. ನಾನೂ ಇರ್ತೀನಿ."

ಬರುವಾಗ ಅತ್ತೆಯ ಕೈ ಹಿಡಿದು ರಸ್ತೆ ದಾಟಿಸಿದೆ. ಸಿಟ್ಟು ಅಲ್ಲೇ ಎಲ್ಲೋ ಉದುರಿರಬೇಕು.

ಏಪ್ರಿಲ್ 3

ಮೇಡಂ ಬಂದಿಲ್ಲ. ಮೇಸ್ತ್ರಿ ಬಂದ. ನಮ್ಮ ಕೋಣೆಗೂ ಟೈಲ್ಸು ಬೀಳಬೇಕು, ಜಾಗ ಖಾಲಿ ಮಾಡಿ ಅಂತ. ಪಕ್ಕದ ಕೋಣೆ ಮುಗಿಯುವವರೆಗೆ ಮಾತ್ರ ಗಡುವು. ಐದನೇ ಮಹಡಿಗೆ ಇನ್ನೂ ಗೋಡೆಯೇ ಇಲ್ಲ. ಮೇಡಂ ಬಂದರೆ ಎಲ್ಲಿ ನೋಡುತ್ತಾರೆ?

ಇವರು ಪಕ್ಕದ ಕೋಣೆಯಲ್ಲಿ ಹಾಕಿದ ಟೈಲ್ಸನ್ನೇ ಕಿತ್ತು ಮತ್ತೆ ಹಾಕುತ್ತಿದ್ದಾರೆ. ನಿನ್ನೆಯೂ ಅದೇ.

"ಏನಯ್ಯಾ, ಕೈಗೆ ಲಕ್ವ ಹೊಡೀತಾ?" ಮೇಸ್ತ್ರಿ ರೇಗಿದ.

"ಲೆವೆಲ್ ಸರಿ ಬರ್ತಿಲ್ಲ ಸಾರ್."

ಇವರಿಗೆ ಲೆವೆಲ್ ಸರಿ ಬರುವುದಿಲ್ಲವಂತೆ! ನೆಲದ ಮೇಲೆ ಗೋಲಿ ಇಟ್ಟರೆ ಉರುಳದಂತೆ ಹಾಕುವ ಮನುಷ್ಯ. ಸೈಟಿನವರ ಎದುರು ಬೈಸಿಕೊಂಡರು, ತಲೆ ತಗ್ಗಿಸಿಕೊಂಡು. ಊಟ ಬಡಿಸುವಾಗ ಅವರ ತಟ್ಟೆಗೆ ಒಂದು ಸೌಟು ಹೆಚ್ಚೇ ಹಾಕಿದೆ. ಕಣ್ಣಲ್ಲಿ ನೀರು ಬಂತು, ಒಲೆಯ ಹೊಗೆ ಅಂದೆ.

ಏಪ್ರಿಲ್ 7, ಮಧ್ಯಾಹ್ನ

ಸೀಟಿ. ಎರಡು ಸಲ. ಮೇಡಂ ನಡೆದೇ ಬಂದಿದ್ದರೂ ಆ ಪುಣ್ಯಾತ್ಮ ಊದಿದ!

ಬಿದ್ದೆನೋ ಎದ್ದೆನೋ ಎಂದು ಅಟ್ಟಣಿಗೆಯಿಂದ ಇಳಿದು ಕೋಣೆಗೆ ಓಡಿದೆ. ಮನಸ್ಸಿನಲ್ಲಿ ಒಂದೇ: ಡ್ರಮ್ಮು, ಜರಡಿ, ಸಿಮೆಂಟ್ ಚೀಲ.

ಕೋಣೆಯ ನಟ್ಟನಡುವೆ, ಹಾಸಿಗೆಯ ಸುರುಳಿಯ ಮೇಲೆ ಅತ್ತೆ ಕೂತಿದ್ದರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿಕೊಂಡು. ಒಲೆ ಉರಿಯುತ್ತಿತ್ತು, ಮೇಲೆ ಬರೀ ನೀರು. ಇದ್ದಬದ್ದ ಪಾತ್ರೆಗಳೆಲ್ಲ ಸುತ್ತ ಹರಡಿದ್ದವು. ಗೋಡೆಯಿಂದ ಗೋಡೆಗೆ ಬಟ್ಟೆ ಒಣಹಾಕಿದ್ದರು, ಒಣಗಿದ ಬಟ್ಟೆಯನ್ನೂ ಸೇರಿಸಿ. ಮೇಡಂ ತಲೆ ಬಗ್ಗಿಸಿ ಒಳಗೆ ಬರಬೇಕಾಯಿತು.

"ಎಷ್ಟು ದಿನದಿಂದ ಇದೀರಿ ಅಜ್ಜಿ?"

"ಈ ಕಟ್ಟಡಕ್ಕೆ ನೆಲ ಮಾತ್ರ ಇದ್ದಾಗಿಂದ, ತಾಯಿ. ಅದು ಬೆಳೆದ ಹಾಗೆ ನಾವೂ ಹತ್ತಿ ಬಂದಿದೀವಿ."

ಮೇಡಂ ಕಂಬ ನೋಡಿದರು. ದುಪ್ಪಟಿ ನೋಡಿದರು. ಬುಗುರಿ ಅವರ ಚಪ್ಪಲಿಯ ಬಕಲ್ ಬಿಚ್ಚುತ್ತಿದ್ದಳು, ಬಿಚ್ಚಗೊಟ್ಟರು. ಬರೆದರು. ಅತ್ತೆ ತಡೆಯಲಾರದೆ, "ಏನಂತ ಬರೆದ್ರಿ?" ಅಂದೇಬಿಟ್ಟರು.

"ವಾಸವಿದ್ದಾರೆ."

ಅತ್ತೆ ತೊಡೆಯ ಕೆಳಗಿನಿಂದ ಕೈ ತೆಗೆದು ಮುಖ ಮುಚ್ಚಿಕೊಂಡರು. ನನಗೂ ಅಳು ಬಂತು. ನಾಚಿಕೆಯೇನೂ ಆಗಲಿಲ್ಲ.

ಏಪ್ರಿಲ್ 18

ಕಾರ್ಡು ಬಂತು. ಮಹಡಿ ಬರೆದಿಲ್ಲ, ಕಟ್ಟಡ ಮಾತ್ರ. ಮೇಡಂ ಜಾಣೆ. ಇವರಿಗೆ ಇದ್ದಕ್ಕಿದ್ದಂತೆ ಲೆವೆಲ್ ಸರಿ ಬರತೊಡಗಿದೆ. ಪಕ್ಕದ ಕೋಣೆ ಒಂದೇ ದಿನಕ್ಕೆ ಮುಗಿಯಿತು. ಮೇಸ್ತ್ರಿ ಬೆರಗಾಗಿದ್ದಾನೆ. ಮುಂದಿನ ವಾರ ನಾವು ಐದನೇ ಮಹಡಿಗೆ.

ಮಲಗಲು ಹಾಸುಬಟ್ಟೆ ಕಳಿಸಿ ಎಂದಿದ್ದಾರೆ ಕೇಂದ್ರದವರು. ಮನೆಯಲ್ಲಿ ಮಿಗುವ ಬಟ್ಟೆ ಯಾವುದಿದೆ? ಅತ್ತೆ ಕಂಬದ ಬಳಿ ಕೂತು ದುಪ್ಪಟಿಯ ಗಂಟು ಬಿಚ್ಚಿದರು. ಬಿಗಿದು ಕಲ್ಲಾಗಿತ್ತು. ಕತ್ತರಿ ಕೊಟ್ಟರೆ ಬೇಡವೆಂದರು. ಹಲ್ಲು ಹಾಕಿ ಬಿಚ್ಚಿ, ಒಗೆದು, ಮಡಿಸಿ, ಇಡೀ ಸಂಜೆ ಅದರ ಮೇಲೆ ಕೂತಿದ್ದರು. ಅದೇ ಅವರ ಇಸ್ತ್ರಿ.

ಏಪ್ರಿಲ್ 20, ಮಧ್ಯಾಹ್ನ

ಬೆಳಗ್ಗೆ ಬುಗುರಿ ತಿರುಗಿಯೂ ನೋಡದೆ ಒಳಗೆ ಹೋದಳು. ಅತ್ತೆಗೆ ಸ್ವಲ್ಪ ಬೇಜಾರು.

ಊಟದ ಹೊತ್ತಿಗೆ ಇಬ್ಬರೂ ಕಿಟಕಿಗೆ ಬಂದೆವು. ಅಲ್ಲಿ ಹಾಸುಬಟ್ಟೆಗಳ ಸಾಲು. ಸುಕ್ಕು ಬಿಡದಿರುವುದು ನಮ್ಮದು. ಅಡ್ಡಾದಿಡ್ಡಿ ಮಲಗಿದ್ದಾಳೆ, ಒಂದು ಕಾಲು ಪಕ್ಕದ ಮಗುವಿನ ಮೇಲೆ.

"ಎದ್ದು ಎಲ್ಲಾದ್ರೂ ಓಡಿದ್ರೆ?" ಅತ್ತೆ ಕೇಳಿದರು.

"ಓಡ್ಲಿ ಬಿಡಿ, ಅತ್ತೆ. ಅಲ್ಲಿ ಗುಂಡಿ ಇಲ್ಲ."

ಕೆಳಗೆ ಸೀಟಿ. ಎರಡು ಸಲ. ಸುತ್ತಲಿನ ಕೋಣೆಗಳಲ್ಲಿ ಪಾತ್ರೆಗಳ ಸದ್ದು ಶುರು. ಅತ್ತೆಯನ್ನು ನೋಡಿದೆ. ಅವರು ಅಲುಗಲಿಲ್ಲ. "ಯಾರೋ ಬಂದ್ರು ನೋಡು. ನಾಲ್ಕು ಮಹಡಿ ಹತ್ತಿ ಬರ್ಬೇಕು, ಪಾಪ. ಒಂದು ಲೋಟ ನೀರು ತೆಗೆದಿಡು."