ಭಾವ ಬರೆದ ತಮಾಷೆ

ಮಾರ್ಚ್ ೧೪, ಗುರುವಾರ

ಸಂಜೆ ಫೋನಿಗೆ ಕಂಪ್ಯೂಟರಿನ ಮೋಡೆಮ್ ಜೋಡಿಸಿ, ಯಾರು ಬೇಕಾದರೂ ಬರೆದು ಹಾಕಬಹುದಾದ ಬುಲೆಟಿನ್ ಬೋರ್ಡ್ ತೆರೆದೆ. ಹಾಸ್ಯದ ವಿಭಾಗದಲ್ಲಿ ‘ನಗೆಗಾರ’ ಎಂಬ ಅಡ್ಡಹೆಸರಿನವನೊಬ್ಬ ಬರೆದಿದ್ದ: ಹೊಟ್ಟೆಯಲ್ಲಿದ್ದ ಮಗು ಹೋದ ಮೇಲೂ ಹೆಂಡತಿ ಹೆಣಿಗೆ ಬಿಡಲಿಲ್ಲವಂತೆ, ಕೊನೆಗೆ ಆ ಪುಟ್ಟ ಹಳದಿ ಟೋಪಿಯನ್ನು ಚಹಾದ ಕೆಟಲಿಗೆ ತೊಡಿಸಿದಳಂತೆ. ಕೆಳಗೆ ಸಾಲುಸಾಲಾಗಿ ಜನ ನಕ್ಕಿದ್ದರು.

ಹಳದಿ ಟೋಪಿ ತೊಟ್ಟ ಆ ಕೆಟಲಿನಿಂದ ನಾನೇ ಚಹಾ ಕುಡಿದಿದ್ದೇನೆ. ಅದು ಅಕ್ಕನ ಮನೆಯದು. ಬರೆದವನು ಭಾವ. ಹಾಗೆ ಕರೆಯಲೂ ಈಗ ಹೇಸಿಗೆ.

ನನ್ನ ಸ್ವಂತ ಹೆಸರಿನಲ್ಲೇ ಉತ್ತರ ಹಾಕಿದೆ: “ಆಕೆ ನನ್ನ ಅಕ್ಕ. ಆಸ್ಪತ್ರೆಯಲ್ಲಿ ಅವಳ ಪಕ್ಕ ನಾನಿದ್ದೆ, ನೀವಿರಲಿಲ್ಲ.”

ಮೋಡೆಮ್ ಕಳಚಿದ ಮೇಲೆ, ಊಟದ ಹೊತ್ತಿಗೆ ಭಾವನ ಫೋನು ಬಂತು. “ಅದನ್ನ ಅಳಿಸಿಬಿಡಮ್ಮ. ನಾನು ಯಾರು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಸುಮ್ನೆ ನಗೋಕೆ ಬರೆದಿದ್ದು.”

“ಅಕ್ಕನಿಗೆ ಗೊತ್ತಾ?”

“ಅವಳಿಗ್ಯಾಕೆ ಹೇಳ್ಬೇಕು?”

ಅವರ ಒಳಕೋಣೆಯಲ್ಲಿ ಅದೇ ಲೈನಿನ ಇನ್ನೊಂದು ಫೋನೆತ್ತಿ ಕೇಳುತ್ತಿದ್ದ ಅಕ್ಕನ ದನಿ ಕೇಳಿಸಿತು. “ಓದೇ. ಒಂದಕ್ಷರ ಬಿಡಬೇಡ.”

ಪರದೆಯ ಮೇಲೆ ಭಾವ ಬರೆದದ್ದು ಹಾಗೇ ಇತ್ತು. ಓದಿದೆ.

“ನಕ್ಕೋರದ್ದೂ ಓದು.”

ಅದನ್ನೂ ಓದಿದೆ. ಅಕ್ಕ, “ನಾಳೆ ಬಾ. ನನ್ನ ಹತ್ರ ಒಂದೇ ಸೂಟ್‌ಕೇಸ್ ಇರೋದು,” ಎಂದಳು.

ಅಟ್ಟದಿಂದ ಎರಡು ಇಳಿಸಿ ಒರೆಸಿಟ್ಟಿದ್ದೇನೆ. ಒಂದರ ಬೀಗ ಸರಿಯಿಲ್ಲ, ಹಗ್ಗ ಕಟ್ಟಿದರೆ ಸಾಕು.