ನಿನ್ನ ಕೆಂಪು ಕಾರಿನ ಎರಡನೇ ಗೇರು

ಅಣ್ಣ,

ಅಲ್ಲೂ ಯಾವುದೋ ಗಾಡಿಯ ಕೆಳಗೆ ಮಲಗಿ, ಕಾಲು ಮಾತ್ರ ಹೊರಗೆ ಚಾಚಿರುತ್ತೀಯ ಅಂದುಕೊಂಡೇ ಬರೆಯುತ್ತಿದ್ದೇನೆ. ಸ್ವಲ್ಪ ಈಚೆಗೆ ಬಾ, ನಿನ್ನ ಕೆಂಪು ಸ್ಪೋರ್ಟ್ಸ್ ಕಾರಿನ ಸುದ್ದಿ ಹೇಳಬೇಕು.

ನೀನು ಅದನ್ನು ಮೊದಲ ಸಲ ನಮ್ಮೂರು ಗಂಡಸಿಗೆ ತಂದ ದಿನ ಜ್ಞಾಪಕವಿದೆಯಾ? ಎರಡೇ ಸೀಟು, ನೆಲಕ್ಕೆ ತಾಗುವಷ್ಟು ಗಿಡ್ಡ. ಅಪ್ಪ ಒಂದು ಸುತ್ತು ಬಂದು, "ಇದ್ರಲ್ಲಿ ಒಂದು ಚೀಲ ಹಿಂಡಿನೂ ಹಿಡಿಯಲ್ವಲ್ಲೋ" ಅಂದಿದ್ದರು. ಹಾಗಂದವರೇ, ನೀನು ನಮ್ಮನ್ನೆಲ್ಲ ಬಿಟ್ಟು ಹೋದಮೇಲೆ ದಿನಾ ಬೆಳಿಗ್ಗೆ ಅದರ ಧೂಳು ಒರೆಸತೊಡಗಿದರು. ನೀನಿದ್ದಾಗ ಒಂದು ದಿನವೂ ಮುಟ್ಟದವರು... ಹೋಗಲಿ ಬಿಡು.

ಈ ಬೇಸಿಗೆಯಲ್ಲಿ ಅತ್ತಿಗೆ ಗಾಡಿ ತೆಗೆದರೆ, ಎರಡನೇ ಗೇರು ಕರಕರ ಅಂದಿತು. ಬೀಳುವುದೇ ಇಲ್ಲ, ಬಿದ್ದರೂ ಹಲ್ಲು ಕಡಿದಂಥ ಸದ್ದು. ಮೆಕ್ಯಾನಿಕ್ ಬಂದು ನೋಡಿ, "ಗೇರ್‌ಬಾಕ್ಸೇ ಹೋಗೈತೆ ಕಣಕ್ಕ, ಸಾಮಾನು ಸಿಗಾಕಿಲ್ಲ. ಯಾರಾದ್ರೂ ಕೇಳಿದ್ರೆ ಕೊಟ್ಬಿಡಿ" ಅಂದ. ಕೇಳುವವರೂ ಬಂದರು. ಅತ್ತಿಗೆ ಕೀಲಿ ತಂದು ಜಗಲಿಯ ಮೇಲಿಟ್ಟರು. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ, "ಸ್ವಲ್ಪ ದಿನ ತಡೀರಿ, ನಾನೊಂದು ಸಲ ನೋಡ್ತೀನಿ" ಅಂದೆ.

ಹಿಂದೊಮ್ಮೆ ನೀನು ನನ್ನ ಅಂಗೈಗೆ ಗೇರ್ ಎಣ್ಣೆ ಬಿಟ್ಟು, ಬೆರಳಲ್ಲಿ ಉಜ್ಜಿ ನೋಡು ಅಂದಿದ್ದೆಯಲ್ಲ? "ಗೇರಿನ ಹಲ್ಲು ಜಾರ್ಬೇಕು, ಗೇರು ಬೀಳೋವಾಗ ಒಳಗಿರೋ ಹಿತ್ತಾಳೆ ಉಂಗುರ ಹಿಡೀಬೇಕು. ಎರಡನ್ನೂ ಮಾಡೋ ಎಣ್ಣೆ ಬೇಕು ಕಣೇ. ಮಂದ ಇದ್ದಷ್ಟೂ ಒಳ್ಳೇದು ಅನ್ನೋದು ತುಪ್ಪಕ್ಕೆ." ಡಬ್ಬದ ಮೇಲೆ ಜಿಎಲ್-4 ಅಂತಿದ್ದರೆ ಈ ಗೇರ್‌ಬಾಕ್ಸಿಗೆ; ಜಿಎಲ್-5 ಭಾರದ ಗಾಡಿಗಳ ಹಿಂದಿನ ಆಕ್ಸಲ್‌ಗೆ. ಅದನ್ನು ಇಲ್ಲಿ ಹಾಕಿದರೆ ಉಂಗುರ ಹಿಡಿತ ಬಿಡುತ್ತೆ, ಗೇರು ಕಿರುಚುತ್ತೆ ಅಂದಿದ್ದೆ. ಹುಡುಗಿ ಅಂತ ದೂರ ಕಳಿಸದೆ ನನ್ನನ್ನೂ ಗಾಡಿಯ ಕೆಳಗೆ ಎಳೆದುಕೊಂಡೆಯಲ್ಲ, ಆ ಋಣ ನಾನು ಹೇಗೆ ತೀರಿಸಲಿ?

ನೀನು ಹೇಳಿಕೊಟ್ಟ ಹಾಗೇ, ಎಣ್ಣೆ ತುಂಬುವ ಬಿರಡೆ ಬಿಚ್ಚಲು ಬರುತ್ತದಾ ಅಂತ ಮೊದಲು ನೋಡಿಕೊಂಡು, ಆಮೇಲೆ ಎಣ್ಣೆ ಇಳಿಸುವ ಕೆಳಗಿನದು ಬಿಚ್ಚಿದೆ. ಇಳಿದ ಎಣ್ಣೆ ಜೋನಿಬೆಲ್ಲದ ಹಾಗಿತ್ತು, ಗಂಧಕದ ನಾತ ಬೇರೆ. ಅಷ್ಟರಲ್ಲಿ ಅಪ್ಪ ಬಂದು, "ಚೆಲ್ಬೇಡ ಕಣವ್ವ, ಹೊಸದು ಅದು. ನಿಂತಿರೋ ಗಾಡಿ ಎಣ್ಣೆ ಕೆಡ್ತದೆ ಅಂತ ಹೋದ ತಿಂಗಳು ನಾನೇ ಬದಲಾಯಿಸಿವ್ನಿ. ಇರೋದ್ರಲ್ಲೇ ಒಳ್ಳೇದು" ಅಂದರು. ತೆಂಗಿನಕಾಯಿ ಸಾಗಿಸುವ ನಮ್ಮ ಗೂಡ್ಸ್ ಗಾಡಿಯ ಆಕ್ಸಲ್‌ಗೆ ತಂದಿಟ್ಟ ಜಿಎಲ್-5 ಎಣ್ಣೆ, ಅಣ್ಣ. ಆ ಮಂಡಿನೋವು ಇಟ್ಟುಕೊಂಡು, ಅಷ್ಟು ಗಿಡ್ಡ ಗಾಡಿಯ ಕೆಳಗೆ ಹೇಗೆ ನುಸುಳಿದರೋ... ಬಟ್ಟೆಯಲ್ಲಿ ಕೈ ಒರೆಸಿಕೊಂಡು ಸರಿಯಾದ ಎಣ್ಣೆ ಹುಡುಕಲು ಹೊರಟೆ.

ಅರಸೀಕೆರೆಯ ಅಂಗಡಿಯವನು, "ಐದೇ ತಗೊಳ್ಳಿ ಮೇಡಂ, ನಾಲ್ಕಕ್ಕಿಂತ ಮೇಲಲ್ವಾ?" ಅಂದ. "ಅದೇನ್ರೀ, ಸ್ಕೂಲ್ ಕ್ಲಾಸಾ, ಪಾಸಾಗಿ ಮೇಲೆ ಹೋಗಕ್ಕೆ?" ಅಂದೆ. ಥೇಟ್ ನಿನ್ನದೇ ಧಾಟಿ. ಗಾಡಿಯ ಪುಸ್ತಕದಲ್ಲಿದ್ದ ತೆಳು ಎಣ್ಣೆಯನ್ನೇ, ನಾಲ್ಕರದ್ದನ್ನೇ, ತರಿಸಿ ಹಾಕಿದೆ. ಒಂದೆರಡು ದಿನ ಗಾಡಿ ಮುನಿಸಿಕೊಂಡಿತ್ತು. ಆಮೇಲೆ ಎರಡನೇ ಗೇರು ಬೆಣ್ಣೆಗೆ ಚಾಕು ಇಳಿದ ಹಾಗೆ ಬಿತ್ತು.

ಮೊನ್ನೆ ಭಾನುವಾರ ಅತ್ತಿಗೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೇಬೀಡಿನ ತನಕ ಹೋಗಿಬಂದರು. ಕೊಳ್ಳಲು ಬಂದವರಿಗೆ "ಇಲ್ಲ" ಅಂತ ಅವರೇ ಹೇಳಿ ಕಳಿಸಿದರು. ಇನ್ನು ಮೇಲೆ ಅದರ ಎಣ್ಣೆ ನನ್ನ ಜವಾಬ್ದಾರಿ, ಮಾತು ಕೊಡುತ್ತೇನೆ.

ಗಾಡಿಯಿಂದ ಇಳಿದ ಮೇಲೆ ಅಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಾನು ಹಾಕಿದ್ರಿಂದ್ಲೇ ಕೆಟ್ಟಿತ್ತೇನವ್ವ?"

"ಇಲ್ಲಪ್ಪ, ನೀವು ನೋಡ್ಕೊಂಡಿದ್ದಕ್ಕೇ ಉಳೀತು" ಅಂದೆ.

ನಾನಂತೂ ಬಾಯಿ ಬಿಡುವುದಿಲ್ಲ. ನೀನೂ ಹೇಳಬೇಡ.

ನಿನ್ನ ಪುಟ್ಟಿ